ಎರಡನೇ ಭಾಗ ಯಾರಿಗೆ ಬೇಕಾಗಿತ್ತು?

ಶುರು ಮಾಡುವವರಿಗೆ ನಮ್ಮಲ್ಲಿ ಬರವಿಲ್ಲ. ಎಲ್ಲಿ ನಿಲ್ಲಿಸಬೇಕು ಎಂದು ಬಲ್ಲವರದ್ದೇ ಕೊರತೆ. ಭಾಷಣ ಮಾಡುವವರನ್ನೇ ನೋಡಿ. "ಕೊನೆಯದಾಗಿ ಒಂದು ಮಾತು ಹೇಳಿ ಮುಗಿಸುತ್ತೇನೆ" ಎನ್ನುತ್ತಾರೆ. ನಾವು ಕುರ್ಚಿಯ ಕೆಳಗೆ ಚಪ್ಪಲಿ ಹುಡುಕಲು ಕಾಲು ಚಾಚುತ್ತೇವೆ. ಆ ಕೊನೆಯ ಮಾತಿಗೆ ಮಕ್ಕಳು ಮರಿಗಳಾಗಿ, ಚಾಚಿದ ನಮ್ಮ ಕಾಲಿಗೆ ಜೋಮು ಹಿಡಿದರೂ ಪುಣ್ಯಾತ್ಮರು ವೇದಿಕೆ ಇಳಿಯುವುದಿಲ್ಲ. ಹೀಗೆ ನಿಲ್ಲಿಸಲು ಬಾರದವರಲ್ಲಿ ನನಗೆ ಅತ್ಯಂತ ಸಿಟ್ಟು ಬರುವುದು ಸಿನಿಮಾದವರ ಮೇಲೆ. ಅದರಲ್ಲೂ ಚೆಂದದ ಒಂದು ಆಟದ ಸಿನಿಮಾ ತೆಗೆದು, ನಾವು ಕಣ್ಣೊರೆಸಿಕೊಂಡು ಮನೆಗೆ ಬಂದ ಮೇಲೆ, ಅದೇ ಹೆಸರಿನ ಮುಂದೆ ಎರಡು ಎಂಬ ಅಂಕಿ ಬರೆದು ಮತ್ತೆ ಕರೆಯುತ್ತಾರಲ್ಲ, ಅವರ ಮೇಲೆ.

ನಾನೇನು ದೊಡ್ಡ ಆಟಗಾರ ಎಂದುಕೊಳ್ಳಬೇಡಿ. ಹುಬ್ಬಳ್ಳಿಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ ನನ್ನದು. ಸಾಲೆಯಲ್ಲಿದ್ದಾಗ ಕಬಡ್ಡಿ ಅಂಗಳದ ಅಂಚಿನಲ್ಲಿ ನಿಂತು ಆಡುವವರ ಅಂಗಿ ಹಿಡಿದುಕೊಳ್ಳುವ ಕೆಲಸ ಕೊಟ್ಟಿದ್ದರು; ಅದನ್ನೂ ಛಲೋ ಮಾಡಲಿಲ್ಲ ಎಂದು ಬೈಸಿಕೊಂಡಿದ್ದೇನೆ. ಆದರೆ ಆಡದವನಿಗೇ ಆಟದ ಸಿನಿಮಾದ ರುಚಿ ಹೆಚ್ಚು. ಆ ಸಿನಿಮಾಗಳಿಗೆ ಒಂದು ಶಿಸ್ತಿದೆ. ಬಡ ಹುಡುಗ, ಹರಕು ಬೂಟು, ಸಿಡುಕಿನ ಕೋಚು, ಮಧ್ಯಂತರದ ಹೊತ್ತಿಗೆ ಒಂದು ಹೀನಾಯ ಸೋಲು, ಆಮೇಲೆ ಹಾಡಿನುದ್ದಕ್ಕೂ ಗುಡ್ಡ ಹತ್ತಿ ಇಳಿಯುವುದು, ಕೊನೆಗೆ ಗೆಲುವು. ಸೀಟಿ ಊದಿದರು, ಮುಗೀತು, ಮನೆಗೆ ನಡೀರಿ. ಇದಕ್ಕಿಂತ ಚೊಕ್ಕ ವ್ಯವಹಾರ ಲೋಕದಲ್ಲಿಲ್ಲ.

ಇವುಗಳಲ್ಲೆಲ್ಲ ಶ್ರೇಷ್ಠವಾದದ್ದು ಒಂದು ಕಬಡ್ಡಿ ಸಿನಿಮಾ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೂ ಜಗಳಕ್ಕೆ ಬರುತ್ತೀರಿ. ಕೊನೆಯಲ್ಲಿ ನಾಯಕನನ್ನು ನಾಲ್ಕು ಜನ ಅಮುಕಿ ಹಿಡಿದಿರುತ್ತಾರೆ. ಅವನು ಉಸಿರು ಬಿಡದೆ ತೆವಳಿ ತೆವಳಿ ನಡುಗೆರೆಗೆ ಬೆರಳ ತುದಿ ಮುಟ್ಟಿಸುತ್ತಾನೆ. ಅಲ್ಲಿಗೆ ತೆರೆ ಕಪ್ಪಾಗುತ್ತದೆ. ಎಷ್ಟು ಸಲ ನೋಡಿದರೂ ಅವನ ಜೊತೆ ನಾನೂ ಉಸಿರು ಹಿಡಿಯುತ್ತೇನೆ. "ನಿಮಗ ಬಿ.ಪಿ. ಐತಿ, ಲಗೂ ಉಸುರು ಬಿಡ್ರಿ" ಎಂದು ನನ್ನ ಹೆಂಡತಿ ಶಕುಂತಲಾ ಬೆನ್ನು ತಟ್ಟುತ್ತಾಳೆ. ಇಂಥ ಸಿನಿಮಾಕ್ಕೆ ಎರಡನೇ ಭಾಗ ತೆಗೆದರು. ಅದರಲ್ಲಿ ನಾಯಕನಿಗೆ ಮದುವೆಯಾಗಿದೆ, ಹೊಟ್ಟೆ ಬಂದಿದೆ, ಮಂಡಿ ನೋವಿದೆ. ದುಬೈಗೆ ಹೋಗಿ ಒಂಟೆಯ ಮೇಲೆ ಕೂತು ಹಾಡು ಬೇರೆ ಹೇಳುತ್ತಾನೆ. ಹಾಳಾದ ಹಾಡು. ಅಂದು ಮನೆಗೆ ಬಂದವನು ರಾತ್ರಿ ರೊಟ್ಟಿ ಸಹ ಸರಿಯಾಗಿ ಉಣ್ಣಲಿಲ್ಲ.

ಈ ನನ್ನ ಹುಚ್ಚು ನನ್ನ ಮಗಳು ಸ್ಮಿತಾಳ ಮದುವೆಗೇ ಕೊಡಲಿಯೇಟು ಹಾಕುತ್ತದೆಂದು ಯಾರು ಎಣಿಸಿದ್ದರು? ಅವಳು ವಿದ್ಯಾನಗರದ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿ ಕೆಲಸ ಮಾಡುತ್ತಾಳೆ. ಅಲ್ಲಿಯೇ ವೀರೇಶ ಎಂಬ ಹುಡುಗನ ಪರಿಚಯವಾಗಿ, ಒಬ್ಬರಿಗೊಬ್ಬರು ಮೆಚ್ಚಿದರು. ಹುಡುಗ ಬಂಗಾರದಂಥವನು, ಧಾರವಾಡದ ಕೆಲಗೇರಿಯ ಮನೆ. ಅಪ್ಪ ಚನ್ನಬಸಪ್ಪ ಮಾಸ್ತರರು, ಹೈಸ್ಕೂಲಿನಲ್ಲಿ ಆಟ ಕಲಿಸಿ ನಿವೃತ್ತರಾದವರು. ಒಂದೇ ತೊಡಕೆಂದರೆ ವೀರೇಶ ಅಪ್ಪನ ಮಾತು ಮೀರುವವನಲ್ಲ. "ನಮ್ಮಪ್ಪ ಹೂಂ ಅಂದ್ರನ ಮದುವಿ" ಎಂದು ಮೊದಲೇ ಹೇಳಿಬಿಟ್ಟಿದ್ದ. ಮಾಸ್ತರರ ಮೂಗಿನ ತುದಿಯಲ್ಲಿ ಸಿಟ್ಟು ಎಂಬ ಸುದ್ದಿಯೂ ಅವನಿಂದಲೇ ಬಂದಿತ್ತು.

ಅವರು ನವನಗರದ ನಮ್ಮ ಮನೆಗೆ ಮಾತುಕತೆಗೆ ಬರುವ ಹಿಂದಿನ ದಿನ ಶಕುಂತಲಾ ನನ್ನನ್ನು ಕೂರಿಸಿ ತಾಲೀಮು ಕೊಟ್ಟಳು. ರಾಜಕೀಯ ಎತ್ತಬಾರದು. ಮೆಣಸಿನಕಾಯಿ ಧಾರಣೆ ಎತ್ತಬಾರದು. ಹುಬ್ಬಳ್ಳಿ ಹೆಚ್ಚೋ ಧಾರವಾಡ ಹೆಚ್ಚೋ ಎಂಬ ಮಾತನ್ನಂತೂ ಸತ್ತರೂ ಎತ್ತಬಾರದು. ಪಾಪ, ಸಿನಿಮಾ ಅವಳ ನೆನಪಿಗೆ ಬರಲಿಲ್ಲ. ಸ್ಮಿತಾ ಮಾತ್ರ ನಾನು ಮಲಗಲು ಎದ್ದಾಗ ಬಾಗಿಲಿಗೆ ಬಂದು ನಿಂತಳು. "ಅಪ್ಪಾ, ನೀ ಮಾತಿಗೆ ನಿಂತ್ರ ಗೆಲ್ಲೂ ತನಕ ಬಿಡಂಗಿಲ್ಲ. ನಾಳೆ ಒಂದಿನ ಸೋತು ಬಿಡಪ್ಪಾ. ನನಗ ವೀರೇಶ ಬೇಕು" ಎಂದಳು. ಎಂದೂ ಏನನ್ನೂ ಬೇಡದ ಹುಡುಗಿ. "ಹುಚ್ಚಿ, ನಾಳೆ ನನ್ನ ಬಾಯಿಗೆ ಬೀಗ" ಎಂದು ಅವಳ ತಲೆ ಮುಟ್ಟಿ ಹೇಳಿದೆ.

ಮರುದಿನ ಭಾನುವಾರ. ಮಾಸ್ತರರು, ವೀರೇಶ, ಮತ್ತು ಮಾಸ್ತರರ ತಾಯಿ ನೀಲಮ್ಮಜ್ಜಿ ಬಂದರು. ಅಜ್ಜಿಯ ಹಣೆತುಂಬ ವಿಭೂತಿ, ಕಣ್ಣು ಮಾತ್ರ ಎಳೆ ಹುಡುಗಿಯದು. ನಮ್ಮ ಕಡೆ ಸಂಬಂಧ ಗಟ್ಟಿಯಾಯಿತು ಎನ್ನಲು ಬಾಯಿಮಾತು ಸಾಲದು. ಕೊಡುವುದು ಬಿಡುವುದೆಲ್ಲ ಮಾತಾಡಿ ಮುಗಿದ ಮೇಲೆ ಹಿರಿಯರು ಎರಡೂ ಕಡೆಯವರ ಬಾಯಿಗೆ ಸಕ್ಕರೆ ಹಾಕಬೇಕು. ಒಮ್ಮೆ ಸಕ್ಕರೆ ಬಿತ್ತೆಂದರೆ ದೇವರೇ ಬಂದರೂ ಮಾತು ತಿರುಗುವಂತಿಲ್ಲ. ಬೆಳ್ಳಿ ಬಟ್ಟಲಲ್ಲಿ ಸಕ್ಕರೆ ತುಂಬಿ ಟೀಪಾಯಿಯ ಮೇಲೆ ಇಟ್ಟಾಗಿತ್ತು. ನಾನು ಟಿ.ವಿ. ಆರಿಸುವುದನ್ನೊಂದು ಮರೆತಿದ್ದೆ. ಅದರಲ್ಲಿ ನನ್ನ ಕಬಡ್ಡಿ ಸಿನಿಮಾ ಬರುತ್ತಿತ್ತು.

ಮಾಸ್ತರರು ಕೂರುವ ಮೊದಲೇ ಅದನ್ನು ನೋಡಿ, "ಆಹಾ! ಇಂಥಾ ಪಿಕ್ಚರ್ ಮತ್ತ ಬರೂದಿಲ್ಲ ಬಿಡ್ರಿ" ಎಂದರು.

"ಖರೇ ಹೇಳಿದ್ರಿ!" ನಾನು ಅರ್ಧ ಎದ್ದೇ ಬಿಟ್ಟೆ. ಕೋಚಿನ ಸಿಡುಕು, ಮಳೆಯಲ್ಲಿ ಅಭ್ಯಾಸ, ಸೋತ ರಾತ್ರಿ, ಒಂದೊಂದನ್ನೂ ಇಬ್ಬರೂ ನೆನೆನೆನೆದು ಕೊಂಡಾಡಿದೆವು. ಶಕುಂತಲಾ ಶಿರಾ-ಉಪ್ಪಿಟ್ಟಿನ ತಾಟು ತರುತ್ತ ನನ್ನತ್ತ ನೋಡಿದ ನೋಟದಲ್ಲಿ, ನಮ್ಮ ಮದುವೆಯಾದ ಹೊಸತರಲ್ಲೂ ಕಾಣದ ಮೆಚ್ಚುಗೆಯಿತ್ತು. ಆಗ ಮಾಸ್ತರರು ಒಂದು ತುತ್ತು ಶಿರಾ ಬಾಯಿಗಿಟ್ಟು ನಿಧಾನವಾಗಿ ಹೇಳಿದರು: "ಆದ್ರ ಏನ ಅನ್ರಿ, ಇದರ ಎರಡನೇ ಭಾಗ ಇದಕ್ಕಿಂತ ಒಂದ ಕೈ ಮ್ಯಾಲ."

ದೇವರಾಣೆ, ನಾನು ತಡೆದುಕೊಂಡೆ. ಉಪ್ಪಿಟ್ಟು ನುಂಗಿದೆ. ನೀರು ಕುಡಿದೆ. ಮಗಳ ಮುಖ ನೆನೆದೆ. ಆದರೆ ನಾಲಿಗೆ ನನ್ನ ಅಪ್ಪಣೆ ಕೇಳುವುದನ್ನು ಎಂದೋ ಬಿಟ್ಟಿದೆ. "ಎರಡನೇದು ಮೆಚ್ಚಿದವರಿಗೆ ಮೊದಲನೇದು ತಿಳಿದೇ ಇಲ್ಲ ಅಂತ ಅರ್ಥ ರೀ" ಎಂದೆ.

ಮಾಸ್ತರರ ಚಮಚ ತಾಟಿಗೆ ಬಿತ್ತು. "ಏನಂದ್ರಿ?" ಅದು ಮೈದಾನದ ಆ ತುದಿಯಲ್ಲಿರುವ ಹುಡುಗನನ್ನು ಕರೆಯುವ ದನಿ. ಪಕ್ಕದ ಮನೆಯ ನಾಯಿ ಬೊಗಳತೊಡಗಿತು.

"ಗೆರೆ ಮುಟ್ಟಿದಾ, ಗೆದ್ದಾ, ಮುಗೀತ್ರಿ! ಮುಂದ ಅಂವ ಏನ್ ತಿಂದಾ, ಎಲ್ಲಿ ಮಲಗಿದಾ ಯಾರಿಗ ಬೇಕಾಗಿತ್ತು?"

"ನಿಮ್ಮ ಹುಬ್ಬಳ್ಳಿಯವರದು ಇದ ಆತ ನೋಡ್ರಿ. ಎಲ್ಲಾ ಲಗೂ ಮುಗಿಸಿ ಅಂಗಡಿ ಬಾಗಿಲಾ ಹಾಕೂದು!"

"ನೀವು ಧಾರವಾಡದವರು ಮುಗಿದ ಮಾತನ್ನೂ ಫೇಡಾದಂಗ ತಿರುವಿಕೋತ ಕೂಡ್ತೀರಿ!"

ಶಕುಂತಲಾ ಕಣ್ಣು ಮುಚ್ಚಿಕೊಂಡಳು. ವೀರೇಶ ಕೈಯಲ್ಲಿದ್ದ ತಾಟನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ. ಮಾಸ್ತರರು ಎದ್ದು ನಿಂತು, "ವೀರೂ, ನಡಿ ಹೋಗೂಣು. ಇಲ್ಲಿ ನಮಗ ತಿಳುವಳಿಕಿ ಇಲ್ಲಂತ" ಎಂದು ಟೊಪ್ಪಿಗೆ ಹುಡುಕತೊಡಗಿದರು. ಅಡಿಗೆಮನೆಯ ಬಾಗಿಲಲ್ಲಿ ಸ್ಮಿತಾ ಚಹಾದ ಟ್ರೇ ಹಿಡಿದು ನಿಂತಿದ್ದಳು. ಕಪ್ಪುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಆ ಸದ್ದು ಕೇಳಿ ನನಗೆ ನಾನು ಎಂಥ ಕತ್ತೆ ಎಂದು ತಿಳಿಯಿತು. ತಿಳಿದು ಏನು ಉಪಯೋಗ?

ಅವಳು ಟ್ರೇಯನ್ನು ಕೆಳಗಿಟ್ಟು, ನೇರ ಮಾಸ್ತರರ ಮುಂದೆ ಬಂದು ನಿಂತಳು. "ಸರ್, ನಮ್ಮಪ್ಪ ಎರಡನೇ ಭಾಗ ಪೂರ್ತಿ ನೋಡೇ ಇಲ್ಲ್ರಿ. ಮಧ್ಯಂತರದಾಗ ಎದ್ದು ಬಂದಾರ."

ಮಾಸ್ತರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೌದೇನ್ರಿ?"

"ದುಬೈ ಒಂಟಿ ಬಂತ್ರಿ... ನಾ ಎದ್ದೆ" ಎಂದೆ.

ಅವರ ಮುಖದ ಬಿಗಿ ಸಡಿಲಿತು. ಮತ್ತೆ ಕೂತರು. "ಒಂಟಿ ನನಗೂ ಸೇರಲಿಲ್ಲ ಬಿಡ್ರಿ" ಎಂದು ಒಪ್ಪಿಕೊಂಡು, ದನಿ ತಗ್ಗಿಸಿ ಮುಂದುವರಿಸಿದರು. "ನನ್ನ ಕೈಯಾಗ ಎಷ್ಟೋ ಹುಡುಗ್ರು ಕಪ್ ಗೆದ್ದಾರ್ರಿ. ಗೆದ್ದ ದಿನ ಎಲ್ಲಾರೂ ಹೆಗಲಿಗೆ ಹೊತ್ತು ಕುಣೀತಾರ. ಮರುದಿನ ಅದ ಹುಡುಗ ಸಾಲಿ ಬಿಟ್ಟು ಎಲ್ಲಿಗೆ ಹ್ವಾದ, ಅವನ ಮಂಡಿ ನೋವು ನೆಟ್ಟಗಾತೋ ಇಲ್ಲೋ, ಯಾರೂ ಕೇಳಂಗಿಲ್ಲ. ನಾ ಮಾತ್ರ ಸೈಕಲ್ ಹತ್ತಿ ಅವರ ಮನಿ ಮನಿಗೆ ಹೋಗಿ ಕೇಳ್ತಿದ್ದೆ. ಆ ಎರಡನೇ ಭಾಗದಾಗ ಅಂವ ಮಂಡಿಗೆ ಎಣ್ಣಿ ಹಚ್ಚಿಕೋತ ಹೆಂಡ್ತಿ ಕೂಡ ಕೂತು ನಗ್ತಾನಲ್ಲ, ಅದನ್ನ ನೋಡಾಕ ನಾ ಮೂರು ಸಲ ಹೋದೆ."

ಬುದ್ಧಿ ಇದ್ದವನು ಸುಮ್ಮನಿರಬೇಕಿತ್ತು. ನಾನು, "ಅದೆಲ್ಲ ಖರೇ ಐತ್ರಿ, ಆದ್ರೂ..." ಎಂದು ಬಾಯಿ ತೆರೆದೆ. ತೆರೆದ ಬಾಯಿಗೆ ಒಂದು ಮುಷ್ಟಿ ಸಕ್ಕರೆ ಬಂದು ಬಿತ್ತು.

ನೀಲಮ್ಮಜ್ಜಿ! ಯಾವಾಗ ಎದ್ದರೋ, ಯಾವಾಗ ಬಟ್ಟಲಿಗೆ ಕೈ ಹಾಕಿದರೋ. ನಾನು ಕೆಮ್ಮುತ್ತಿರುವಾಗಲೇ ಮಗನತ್ತ ತಿರುಗಿದರು. "ಅವ್ವಾ, ಇನ್ನೂ ಮಾತು ಮುಗಿದಿಲ್ಲ..." ಎಂದು ಮಾಸ್ತರರು ಬಾಯಿ ಬಿಟ್ಟದ್ದೇ ತಡ, ಉಳಿದ ಸಕ್ಕರೆ ಅಲ್ಲಿಗೆ ಹೋಯಿತು. "ಮುಗೀತು" ಎಂದು ಅಜ್ಜಿ ಕೈ ಝಾಡಿಸಿಕೊಂಡರು. "ಇಬ್ಬರ ಬಾಯಾಗೂ ಸಕ್ಕರಿ ಬಿತ್ತು. ಇನ್ನ ಯಾರೂ ಹಿಂದ ಸರಿಯಂಗಿಲ್ಲ. ಯವ್ವಾ ಸ್ಮಿತಾ, ಚಾ ಆರೂದರಾಗ ತಾ." ಕೊಡುವುದು, ಬಿಡುವುದು, ಮುಹೂರ್ತ ಯಾವುದೂ ಆಡದೆ ನಮ್ಮ ವಂಶದಲ್ಲಿ ಗಟ್ಟಿಯಾದ ಮೊದಲ ಸಂಬಂಧ ಅದು. ಶಕುಂತಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸ್ಮಿತಾ ನಕ್ಕಳು. ಆ ನಗು ನೋಡುತ್ತ ನಾನು ಗಲ್ಲಕ್ಕೆ ಅಂಟಿದ ಸಕ್ಕರೆ ಒರೆಸಿಕೊಂಡೆ.

ಮದುವೆ ಸಾಂಗವಾಗಿ ನಡೆಯಿತು. ಬೀಗರ ಸಾಲಿನಲ್ಲಿ ಮಾಸ್ತರರೂ ನಾನೂ ಅಕ್ಕಪಕ್ಕ ಕೂತು ಉಂಡೆವು. ಕ್ರಿಕೆಟ್ ಸಿನಿಮಾಗಳ ಬಗ್ಗೆ ಸಣ್ಣದೊಂದು ಜಗಳವೂ ಆಯಿತು, ಅದು ಹೋಳಿಗೆಯಲ್ಲಿ ಮುಚ್ಚಿಹೋಯಿತು. ಸ್ಮಿತಾ ಕೆಲಗೇರಿಗೆ ಹೋದಳು. ಗೆರೆ ಮುಟ್ಟಿದ್ದಾಯಿತು, ಗೆದ್ದದ್ದಾಯಿತು, ಇನ್ನು ಹಾಯಾಗಿ ಕೂರೋಣವೆಂದು ನಾನು ಟಿ.ವಿ. ಮುಂದೆ ಕೂತೆ. ರಿಮೋಟಿಗೆ ಈಗ ಯಾರೂ ಪಾಲುದಾರರಿಲ್ಲ. ಆದರೆ ಯಾವ ಸಿನಿಮಾ ಹಾಕಿದರೂ ಹತ್ತು ನಿಮಿಷಕ್ಕೆ ಮನಸ್ಸು ಕೆಲಗೇರಿ ಕೆರೆಯ ದಂಡೆಗೆ ಹೋಗಿ ನಿಲ್ಲುತ್ತಿತ್ತು. ಅವಳು ಉಂಡಳೋ ಇಲ್ಲವೋ? ಆ ಮನೆಯ ರೊಟ್ಟಿ ಅವಳಿಗೆ ಒಗ್ಗಿತೋ? ಬಸ್ಸಿನಲ್ಲಿ ನಿಂತು ಹೋಗುತ್ತಾಳೋ, ಕೂರಲು ಜಾಗ ಸಿಗುತ್ತದೋ? ಫೋನಿನಲ್ಲಿ ಕೇಳಿದರೆ "ಎಲ್ಲಾ ಛಲೋ ಐತಪ್ಪಾ" ಎನ್ನುತ್ತಾಳೆ. ಅಷ್ಟರಿಂದ ಯಾವ ತಂದೆಯ ಹೊಟ್ಟೆ ತುಂಬಿದೆ?

ಹೀಗಾಗಿ ಒಂದು ಭಾನುವಾರ ಅವಳ ಹಳೆಯ ಚಪ್ಪಲಿ ಉಳಿದಿವೆ ಎಂದು ಕೊಡಲು ಹೋದೆ. ಮುಂದಿನ ವಾರ ಉಪ್ಪಿನಕಾಯಿ ನೆಪವಾಯಿತು. ಅದಾದ ಮೇಲೆ ನಡುವಾರದಲ್ಲಿಯೇ, ಅವಳು ಕಾಲೇಜಿನಲ್ಲಿದ್ದಾಗ ಬಳಸುತ್ತಿದ್ದ, ಹಲ್ಲು ಮುರಿದ ಒಂದು ಬಾಚಣಿಕೆಯನ್ನು ಕಾಗದದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಶಕುಂತಲಾ "ಮೊನ್ನೆ ಅಷ್ಟ ಹೋಗಿದ್ರಲ್ಲ" ಎಂದಳು. "ಬೇಕಾಗ್ತದ ಅಕಿಗೆ" ಎಂದು ಗದರಿಸಿ ಹೊರಟೆ.

ಸ್ಮಿತಾ ಬಾಗಿಲು ತೆರೆದು, ನನ್ನ ಮುಖವನ್ನೂ ಬಾಚಣಿಕೆಯನ್ನೂ ನೋಡಿ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ಒಳಗೆ ಮಾಸ್ತರರ ಟಿ.ವಿ. ಗದ್ದಲ. ಅದರ ಮೇಲಿನಿಂದ ನೀಲಮ್ಮಜ್ಜಿಯ ದನಿ ಕೇಳಿತು.

"ಯಾರ ಬಂದಾರವಾ?"

"ನಮ್ಮಪ್ಪ ಅಜ್ಜಿ."

"ಮತ್ತ ಬಂದಾರೇನ?"

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.