ಸೋಪಿನ ಡಬ್ಬಿಯ ಮೂಗು

ಯಲ್ದೂರಿನಲ್ಲಿ ಜನ ದೇವರಿಗೆ ಹೆದರಿ ಸ್ನಾನ ಮಾಡುತ್ತಿದ್ದ ಕಾಲ ಮುಗಿಯಿತು. ಆಮೇಲೆ ನಮ್ಮ ಸೋದರಮಾವನಿಗೆ ಹೆದರಿ ಮಾಡತೊಡಗಿದರು!

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಪೇಪರ್ ಓದುತ್ತಾರೆ, ತಮ್ಮ ಸಕ್ಕರೆ ಕಾಯಿಲೆಯನ್ನು ಎಲ್ಲರಿಗೂ ವಿವರಿಸುತ್ತಾರೆ. ನಮ್ಮ ಮಾವ ಮನುಷ್ಯರ ಮೈವಾಸನೆ ಹಿಡಿಯುವ ಯಂತ್ರ ಮಾಡಲು ಕೂತರು. ಬೆಂಗಳೂರಿನಿಂದ ಅಗ್ಗದ ಗ್ಯಾಸ್ ಸೆನ್ಸರುಗಳನ್ನು ತರಿಸಿ ಹಳೆಯ ಸೋಪಿನ ಡಬ್ಬಿಯೊಳಗೆ ಕೂರಿಸಿದರು. ಮೇಲೊಂದು ಕೆಂಪು ದೀಪ, ಪಕ್ಕದಲ್ಲಿ ಕೀಂಯ್ ಎನ್ನುವ ಬಜರ್. ಫಾರಿನ್ನಿನಲ್ಲಿ ಇಂಥದ್ದಕ್ಕೆ ಲಕ್ಷಗಟ್ಟಲೆ ಸುರಿಯುತ್ತಾರಂತೆ. ಅಲ್ಲಿಯವರಿಗೆ ಮೂಗಿಲ್ಲವೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಬೆವರು ಎಂದರೇನೆಂದು ಯಂತ್ರಕ್ಕೆ ಮೊದಲು ಕಲಿಸಬೇಕಂತೆ. ಅದಕ್ಕಾಗಿ ಮಾವ ಮೂರು ದಿನ ಒಂದೇ ಅಂಗಿ ತೊಟ್ಟು ಓಡಾಡಿದರು. ಆಮೇಲೆ ಅದನ್ನು ಒಳಕೋಣೆಯ ಗೂಟಕ್ಕೆ ನೇತುಹಾಕಿ, ಜೇಬಿನಲ್ಲಿ ಡಬ್ಬಿಯಿಟ್ಟು, ಬಾಗಿಲು ಹಾಕಿದರು. ದಿನವಿಡೀ ಪಾಠ ನಡೆಯಿತು. ಅಷ್ಟು ತೆಪ್ಪಗೆ ಕೂತು ಕಲಿತ ಶಿಷ್ಯ ಇಡೀ ಸರ್ವೀಸಿನಲ್ಲಿ ಅವರಿಗೆ ಸಿಕ್ಕಿರಲಿಲ್ಲ.

ಮೊದಲ ಪರೀಕ್ಷೆಗೆ ಸಿಕ್ಕವನು ಕುರಿ ಮೇಯಿಸಿಕೊಂಡು ಬರುತ್ತಿದ್ದ ಪಕ್ಕದ ಮನೆಯವನು. ಡಬ್ಬಿ ತುಟಿ ಪಿಟಕ್ಕೆನ್ನಲಿಲ್ಲ. ಮಾವ ಅವನ ಕೈಕುಲುಕಿ ಅಭಿನಂದಿಸಿದರು. ನಾನು ಉಸಿರು ಬಿಗಿಹಿಡಿದು ಚಪ್ಪಾಳೆ ತಟ್ಟಿದೆ.

ಎರಡನೆಯ ಪರೀಕ್ಷೆ ಮುಳಬಾಗಿಲಿನ ಬಸ್ಸಿನಲ್ಲಿ. ಪಕ್ಕ ಕೂತವನ ಕಂಕುಳಿಗೇ ಡಬ್ಬಿ ಹಿಡಿದರು. ಆ ಪಕ್ಕದವನು ನಾನೇ! ಬಸ್ಸಿಗೆ ಬಸ್ಸೇ ತೀರ್ಪಿಗಾಗಿ ಕಾಯುತ್ತಿತ್ತು. ನಾನು ಎದ್ದು ಡ್ರೈವರ್ ಹಿಂದಿನ ಸೀಟಿಗೆ ಹೋಗಿ ಕೂತೆ.

ಆಮೇಲೆ ಮಾವನ ಮಗಳನ್ನು ನೋಡಲು ಮಾಲೂರಿನಿಂದ ಗಂಡಿನ ಕಡೆಯವರು ಬಂದರು. ಬಂದಾಗ ಮಾವನ ಕೈಯಲ್ಲಿದ್ದ ಡಬ್ಬಿ ಸುಮ್ಮನಿತ್ತು. ಹೋಳಿಗೆ, ಸೀಕರಣೆ ಊಟ ಮುಗಿಸಿ ಕೈತೊಳೆಯಲು ಎದ್ದರು ನೋಡಿ, ಗಂಡಿನ ಅಪ್ಪನಿಂದ ಹಿಡಿದು ಅಜ್ಜಿಯವರೆಗೆ ಒಬ್ಬೊಬ್ಬರಿಗೂ ಕೀಂಯ್! ಬೀಗರಾಗುವವರ ಮುಖ ಗಂಟಿಕ್ಕಿತು. ಗಂಡು ಮಾತ್ರ ಪಾಸಾದ. ಅವನಿಗೆ ಮಾವಿನಹಣ್ಣು ಆಗುವುದಿಲ್ಲವಂತೆ, ಸೀಕರಣೆ ಮುಟ್ಟಿರಲಿಲ್ಲ.

ಅವರು ಹೊರಟ ಮೇಲೆ ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ರೀ, ಅಂಗಿ ನೇತಾಕಿದ್ರಲ್ಲ, ಆ ಕೋಣೆ ತುಂಬ ಹುಲ್ಲು ಮುಚ್ಚಿ ಬಾದಾಮಿ ಮಾವು ಹಣ್ಣಿಗಿಟ್ಟಿದ್ದೆ. ನಿಮ್ಮ ಡಬ್ಬಿ ಕಲ್ತಿರೋದು ಮಾವಿನಹಣ್ಣಿನ ವಾಸನೆ. ಬೀದಿಗೆಲ್ಲ ಘಮ್ಮಂತಿತ್ತಲ್ಲ, ನಿಮಗೆ ಬರ್ಲಿಲ್ವಾ?"

ನಾನು ಬಿದ್ದು ಬಿದ್ದು ನಕ್ಕೆ. ಮಾವ ನಗಲಿಲ್ಲ. ಡಬ್ಬಿ ಎತ್ತಿಕೊಂಡು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ರೇಗಿಸೋಣವೆಂದು ನಾನೂ ಹಿಂದೆಯೇ ಹೋದೆ.

"ಹೋದ್ವರ್ಷ ಜ್ವರ ಬಂದು ಮಲಗಿದ್ನಲ್ಲ, ಆವಾಗಿಂದ ನಂಗೆ ಯಾವ ವಾಸ್ನೆನೂ ಗೊತ್ತಾಗಲ್ಲ ಕಣೋ. ನಿಮ್ಮತ್ತೆಗೂ ಹೇಳಿಲ್ಲ," ಎಂದರು. "ವಯಸ್ಸಾದೋರ ಮೈ ನಾತ ಹೊಡೆದ್ರೆ ಬಾಯಿಬಿಟ್ಟು ಯಾರೂ ಹೇಳಲ್ಲ, ಎದ್ದು ದೂರ ಹೋಗ್ತಾರೆ ಅಷ್ಟೆ. ಇದು ನನ್ನ ಮೈಗೆ ಹಿಡಿದಾಗೆಲ್ಲ ಕೂಗ್ತಿತ್ತು. ದಿನಾ ಮಾವಿನಹಣ್ಣು ತಿಂತಿದ್ದಕ್ಕೋ, ನಾತಕ್ಕೋ, ಯಾರಿಗ್ಗೊತ್ತು."

ಡಬ್ಬಿಯನ್ನು ಕೈಯಲ್ಲಿ ತಿರುವುತ್ತಾ ಕೇಳಿದರು: "ಅವತ್ತು ಬಸ್ಸಲ್ಲಿ ಎದ್ದು ಹೋದ್ಯಲ್ಲ, ಡಬ್ಬಿಗೆ ಹೆದರ‍್ಕೊಂಡೋ, ನನ್ನ ವಾಸ್ನೆಗೋ?"

ಇಷ್ಟು ದಿನ ಊರಿನವರ ಮೈಗೆಲ್ಲ ಡಬ್ಬಿ ಹಿಡಿದವರು ತಿಳಿಯಬೇಕೆಂದಿದ್ದದ್ದು ಇದೊಂದನ್ನೇ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಅವರ ಪಕ್ಕ ಒತ್ತಿ ಕೂತು ಭುಜಕ್ಕೆ ಮೂಗು ಹಚ್ಚಿ ಉಸಿರೆಳೆದುಕೊಂಡೆ.

"ಡಬ್ಬಿಗೇ ಮಾವ. ಬೆವರಿನ ವಾಸ್ನೆ ಸ್ವಲ್ಪ ಇದೆ. ಚಿಕ್ಕವನಿದ್ದಾಗ ನಿಮ್ಮ ಹೆಗಲ ಮೇಲೆ ಕೂತ್ರೆ ಬರ್ತಿತ್ತಲ್ಲ, ಅದೇ."

ಮಾವ ಡಬ್ಬಿಯ ಬ್ಯಾಟರಿ ಕಳಚಿ ನನ್ನ ಕೈಗಿಟ್ಟರು.

ಈಗ ಭಾನುವಾರ ಬಂತೆಂದರೆ ನಾನು ಯಲ್ದೂರಿನ ಬಸ್ಸು ಹತ್ತುತ್ತೇನೆ. ಮಾವ ಸ್ನಾನ ಮುಗಿಸಿ ಬಂದು ಭುಜ ಒಡ್ಡುತ್ತಾರೆ. ನಾನು ಮೂಸಿ ನೋಡಿ ನಿಜ ಹೇಳುತ್ತೇನೆ.