ಗಾಳಕ್ಕೆ ಹೂರಣ

"ಈ ಸಲ ಗ್ಯಾರಿಯ ದೋಣಿ ಹತ್ತಿಯೇ ತೀರುತ್ತೇನೆ!" ಎಂದು ಬದರೀನಾಥರು ಮಾರ್ಚ್ ತಿಂಗಳ ಒಂದು ಸೋಮವಾರ, ಅಮೆರಿಕದ ಲೈಲ್ ಊರಿನ ಆಫೀಸಿನ ಮುಂದೆ ಕಾರಿನ ಗಾಜಿನ ಹಿಮ ಕೆರೆಯುತ್ತಾ ಭೀಷ್ಮಪ್ರತಿಜ್ಞೆ ಮಾಡಿದರು. ಸಾಕ್ಷಿಗೆ ಯಾರೂ ಇರಲಿಲ್ಲ.

ಕಂಪನಿ ಅರ್ಧ ಟೀಮನ್ನು ಮಿಶಿಗನ್‌ನ ರಾಚೆಸ್ಟರ್ ಹಿಲ್ಸ್‌ಗೆ ಸಾಗಹಾಕಲಿದೆ ಎಂಬ ಸುದ್ದಿ ಹಬ್ಬಿತ್ತು. ಯಾರು ಹೋಗಬೇಕು, ಯಾರು ಉಳಿಯಬೇಕು ಎಂಬುದು ಡೈರೆಕ್ಟರ್ ಗ್ಯಾರಿಯ ಕೈಯಲ್ಲಿ. ಹೆಂಡತಿ ಅಂಬುಜಾ ಹದಿನೇಳು ವರ್ಷ ಕಾದು ಹೋದ ತಿಂಗಳಷ್ಟೇ ಹೊಸ ಅಡುಗೆಮನೆ ಮಾಡಿಸಿಕೊಂಡಿದ್ದರು. "ಇದನ್ನ ಬಿಟ್ಟು ನಾನೆಲ್ಲಿಗೂ ಬರಲ್ಲ. ಬೇಕಾದ್ರೆ ನೀವೊಬ್ರೇ ಹೋಗಿ," ಎಂದು ತೀರ್ಪೂ ಕೊಟ್ಟಾಗಿತ್ತು. ಬದರೀನಾಥರಿಗೂ ಮತ್ತೊಂದು ಊರು, ಮತ್ತೊಂದು ಮನೆ, ಮತ್ತೆ ಪೆಟ್ಟಿಗೆ ಕಟ್ಟುವುದು ಎಂದರೆ ನೆನೆದೇ ಸುಸ್ತು.

ಅವರು ಕಂಡುಕೊಂಡ ಸತ್ಯ ಒಂದೇ. ವಸಂತದಲ್ಲಿ ಗ್ಯಾರಿಯ ಜೊತೆ ಮೀನು ಹಿಡಿಯಲು ಹೋದವರನ್ನು ಇದುವರೆಗೆ ಯಾರೂ ಅಲುಗಾಡಿಸಿಲ್ಲ! ಹೀಗೆ, ಐವತ್ತೆರಡು ವರ್ಷ ಮೊಟ್ಟೆಯನ್ನೂ ಮುಟ್ಟದ ಮೈಸೂರಿನ ಮನುಷ್ಯ ಬೇಟೆಗೆ ಹೊರಟರು.

"ಶನಿವಾರ ಬೆಳಿಗ್ಗೆ. ಪಟ್ಟೆ ಬಾಸ್ ಮೀನು ಹಿಡಿಯೋಣ. ನೀನು ಎರೆಹುಳ ತಾ, ಸಾಕು," ಎಂದ ಗ್ಯಾರಿ.

ಶನಿವಾರವೇ ಮನೆಯಲ್ಲಿ ಯುಗಾದಿ ಊಟ! ವಾರದ ನಡುವೆ ಬಂದ ಹಬ್ಬವನ್ನು ಎಲ್ಲರಂತೆ ಇವರೂ ಶನಿವಾರಕ್ಕೆ ದೂಡಿ ಇಪ್ಪತ್ತು ಜನರನ್ನು ಕರೆದಿದ್ದರು. "ಆಫೀಸಲ್ಲಿ ಅರ್ಜೆಂಟ್ ಮೀಟಿಂಗ್ ಕಣೇ. ಊಟದ ಹೊತ್ತಿಗೆ ಬಂದ್ಬಿಡ್ತೀನಿ," ಎಂದರು ಬದರೀನಾಥರು.

ಹುಳ ತಣ್ಣಗಿರಬೇಕು ಎಂದಿದ್ದ ಅಂಗಡಿಯವನು. ಅವನ ಡಬ್ಬಿಯ ಮೇಲೆ ನಗುವ ಹುಳದ ಚಿತ್ರ ಬೇರೆ! ಅಂಬುಜಾ ಕಂಡರೆ ಗತಿಯೇನು? ಶುಕ್ರವಾರ ಸಂಜೆ ಹುಳಗಳನ್ನು ಮಣ್ಣಿನ ಸಮೇತ ಖಾಲಿ ಮೊಸರಿನ ಡಬ್ಬಿಗೆ ಸುರಿದು ಫ್ರಿಜ್ಜಿನ ಮೂಲೆಗೆ ತಳ್ಳಿದರು. ಎಡವಿದ್ದು ಅಲ್ಲೇ. ಅಂಬುಜಾ ಮೊಸರಿನ ಡಬ್ಬಿಯನ್ನು ಎಂದೂ ಎಸೆದವರಲ್ಲ. ಫ್ರಿಜ್ಜಿನಲ್ಲಿ ಅದೇ ಥರದ ಒಂಬತ್ತು ಡಬ್ಬಿಗಳಿದ್ದವು, ಒಂದರಲ್ಲೂ ಮೊಸರಿರಲಿಲ್ಲ. ಸಾಲದ್ದಕ್ಕೆ, ಪಾಯಸದ ಪಾತ್ರೆಗೆ ಜಾಗ ಮಾಡಲು ಅವರು ಮಲಗುವ ಮುಂಚೆ ಎಲ್ಲವನ್ನೂ ಹಿಂದೆ ಮುಂದೆ ಸರಿಸಿದ್ದರು.

ಶನಿವಾರ ಬೆಳಿಗ್ಗೆ ಸರೋವರದ ಮೇಲೆ ಮೂವತ್ತಾರು ಡಿಗ್ರಿ. ಮೈಸೂರಿನ ಮೂವತ್ತಾರಲ್ಲ, ಫ್ಯಾರನ್‌ಹೀಟ್! ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತಾ ಬದರೀನಾಥರು ಡಬ್ಬಿ ತೆರೆದರು. ಘಮ್ಮೆಂದು ಏಲಕ್ಕಿ ವಾಸನೆ! ಒಬ್ಬಟ್ಟಿನ ಹೂರಣ! ಹಾಗಾದರೆ ಹುಳ? ಫೋನ್ ತೆಗೆದರೆ ಸಿಗ್ನಲ್ ಇಲ್ಲ.

"ಇದ್ಯಾವ ಹುಳ?" ಎಂದ ಗ್ಯಾರಿ.

"ಇದು... ನಮ್ಮ ಕಡೆಯ ಸ್ಪೆಷಲ್," ಎಂದು ಬದರೀನಾಥರು ನಿಂಬೆ ಗಾತ್ರದ ಉಂಡೆ ಕಟ್ಟಿ ಗಾಳಕ್ಕೆ ಚುಚ್ಚಿದರು. ನೀರು ತಾಗಿದ್ದೇ ತಡ, ಉಂಡೆ ಕರಗಿಹೋಯಿತು. ಗ್ಯಾರಿ ತನ್ನ ಪ್ಲಾಸ್ಟಿಕ್ ಮೀನನ್ನೇ ಗಾಳಕ್ಕೆ ಕಟ್ಟಿ ಎರಡು ಪಟ್ಟೆ ಬಾಸ್ ಹಿಡಿದ. ನಡುವೆ ಡಬ್ಬಿ ಮೂಸಿದ, ಬೆರಳಲ್ಲಿ ನೆಕ್ಕಿದ. ಹನ್ನೊಂದು ಗಂಟೆಗೆ ಇಪ್ಪತ್ತು ಜನರ ಹೂರಣ ಒಬ್ಬನ ಹೊಟ್ಟೆ ಸೇರಿತ್ತು.

ದಡಕ್ಕೆ ಬರುತ್ತಲೇ ಫೋನ್ ಬಡಿದುಕೊಂಡಿತು.

"ರೀ, ಆಫೀಸಲ್ಲೇ ಇದೀರಾ?" ಅಂಬುಜಾ ತೀರಾ ಮೆಲ್ಲಗೆ ಕೇಳಿದರು.

"ಹೂಂ, ಮೀಟಿಂಗಲ್ಲಿ."

"ಮತ್ತೆ ಹುಳ ಯಾಕೆ ಬಿಟ್ಟೋದ್ರಿ?"

ಬದರೀನಾಥರು ಕೈಯಲ್ಲಿದ್ದ ಖಾಲಿ ಡಬ್ಬಿಯನ್ನು ನೋಡಿದರು.

"ಪಕ್ಕದ ಮನೆ ಸರೋಜ ಆಂಟಿ ಸಹಾಯಕ್ಕೆ ಬಂದಿದ್ರು. ಕಣ್ಣು ಟಿವಿ ಮೇಲೆ, ಕೈ ಡಬ್ಬಿ ಒಳಗೆ. ಉಂಡೆ ಕಟ್ಟೋಕೆ ಹೋದ್ರೆ ಉಂಡೆ ಮಿಸುಕಾಡ್ತು! ಅವರಿನ್ನೂ ಕೈ ತೊಳೀತಾನೇ ಇದಾರೆ."

ಫೋನ್ ಇಟ್ಟ ಬದರೀನಾಥರಿಗೆ ಅಳುವೇ ಬಂತು. ಆದರೂ ಗ್ಯಾರಿ ಖುಷಿಯಾಗಿದ್ದಾನೆ, ಅಡುಗೆಮನೆ ಉಳಿಯಿತು, ಅಷ್ಟು ಸಾಕು ಎಂದುಕೊಂಡರು. ಆಗಲೇ ಗ್ಯಾರಿ ಅವರ ಹೆಗಲ ಮೇಲೆ ಕೈ ಹಾಕಿದ. "ಯಾರಿಗೂ ಹೇಳಬೇಡ. ರಾಚೆಸ್ಟರ್ ಹಿಲ್ಸ್ ಆಫೀಸಿಗೆ ನಾನೇ ಮುಖ್ಯಸ್ಥ. ಇಷ್ಟವಾದವರನ್ನು ಆರಿಸಿಕೋ ಎಂದಿದ್ದಾರೆ. ಮೊದಲ ಹೆಸರು ನಿನ್ನದೇ! ಅಲ್ಲಿ ಇದಕ್ಕಿಂತ ದೊಡ್ಡ ಕೆರೆಗಳಿವೆ. ಆ ಸಿಹಿ ಮಾತ್ರ ಮರೀಬೇಡ!"

ಗಂಟೆಗಟ್ಟಲೆ ದಾರಿ ಸವೆಸಿ ಮನೆ ಮುಟ್ಟುವಾಗ ನೆಂಟರು ಒಬ್ಬಟ್ಟಿಲ್ಲದ ಯುಗಾದಿ ಮುಗಿಸಿ ಹೋಗಿದ್ದರು. ಬದರೀನಾಥರು ಶೂ ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಪ್ಪಿಸಿದರು. "ಇಲ್ಲೇ ಉಳಿಯೋಣ ಅಂತಲೇ ಹೋಗಿದ್ದು ಕಣೇ," ಎಂದರು.

ಅಂಬುಜಾ ಒಳಗೆ ಹೋಗಿ ಮೊಸರಿನ ಡಬ್ಬಿಯೊಂದನ್ನು ತಂದು ಅವರ ಕೈಗಿಟ್ಟರು. ಒಳಗೆ ಏನೋ ಮೆಲ್ಲಗೆ ಹರಿದಾಡುತ್ತಿತ್ತು. ಹದಿನೇಳು ವರ್ಷದಲ್ಲಿ ಮೊದಲ ಬಾರಿಗೆ ಆ ಮನೆಯ ಡಬ್ಬಿಯೊಂದರ ಮೇಲೆ ಚೀಟಿ ಅಂಟಿತ್ತು: "ಬದರೀನಾಥ, ರಾಚೆಸ್ಟರ್ ಹಿಲ್ಸ್."