ಕುರಿಮರಿಗಳಿಗೆ ನಾನು ಮೀನೆಣ್ಣೆ ಕುಡಿಸಿದ್ದು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಾನ್ವಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅಷ್ಟೆತ್ತರ ಕಡತ ಬೆಳೆಸಿದವನಿಗೆ ಎರಡು ಕುರಿಮರಿ ಬೆಳೆಸುವುದು ದೊಡ್ಡದೇನಲ್ಲ ಎಂದು ಮನಃಪೂರ್ವಕವಾಗಿ ನಂಬಿದ್ದೆ.

ನನ್ನ ಹೆಂಡತಿ ನೀಲಮ್ಮ ದೇವದುರ್ಗದ ಕಡೆಯ ಕುರಿ ಕಾಯುವ ಮನೆತನದವಳು. ತಾಯಿಕುರಿ ಸತ್ತಿತೆಂದು ಮರಿಗಳನ್ನು ತವರಿನಿಂದ ಮಡಿಲಲ್ಲಿಟ್ಟು ತಂದಿದ್ದಳು. ಅವುಗಳ ಕಾಲು ಸೊಟ್ಟ, ನಿಂತರೆ ನಡುಕ. ಪಶುವೈದ್ಯರು ಮೀನೆಣ್ಣೆ ಬರೆದುಕೊಟ್ಟರು. ದಿನಕ್ಕೆ ಅರ್ಧ ಚಮಚ ಹಾಲಿನಲ್ಲಿ ಕುಡಿಸಿ, ಬಿಸಿಲಿಗೆ ಬಿಡಿ ಎಂದರು. ಅಷ್ಟರಲ್ಲಿ ಅತ್ತೆಗೆ ಜ್ವರ ಬಂದು ನೀಲಮ್ಮ ದೇವದುರ್ಗಕ್ಕೆ ಹೊರಟಳು. ನಾನು ರಾಯಚೂರಿನಿಂದ ದೊಡ್ಡ ಸೀಸೆಯನ್ನೇ ತಂದೆ.

ಚಮಚ ಕಂಡೊಡನೆ ಮರಿ ಒದೆಯಿತು. ಸೀಸೆ ನನ್ನ ಮಡಿಲಿಗೆ ಬಿತ್ತು. ಔಷಧ ವ್ಯರ್ಥವಾಗಬಾರದೆಂದು ಚೆಲ್ಲಿದ್ದನ್ನೆಲ್ಲ ಬಳಿದು ಮರಿಗಳ ಮೈಗೆ ತಿಕ್ಕಿದೆ. ಚರ್ಮದ ಮೂಲಕವೂ ಒಳಗಿಳಿಯುತ್ತದೆ ಎಂಬುದು ನನ್ನ ಸ್ವಂತ ಸಂಶೋಧನೆ. ಕೈಯನ್ನು ಬಾಗಿಲ ಚೌಕಟ್ಟಿಗೆ ಒರೆಸಿದೆ. ಆಗ ನನಗೆ ಭಾರೀ ನೆಗಡಿ. ವಾಸನೆ ಎಂಬುದೇ ತಿಳಿಯುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಅಂಗಳದ ಗೋಡೆಯ ಮೇಲೆ ಒಂದು ಕರಿಬೆಕ್ಕು ಕೂತಿತ್ತು. ಊಟ ಮುಗಿಸಿ ಬಂದಾಗ ಏಳು. ಒಂದೂ ಮಿಯಾಂವ್ ಎನ್ನಲಿಲ್ಲ. ರೆಪ್ಪೆ ಮಿಟುಕಿಸದೆ ನನ್ನ ಬಾಗಿಲನ್ನೇ ನೋಡುತ್ತಿದ್ದವು. ಕಚೇರಿಗೆ ಹೊರಟರೆ ನಾಲ್ಕು ಹಿಂದೆಯೇ ಬಂದವು. ನಾನು ನಿಂತೆ. ಅವೂ ನಿಂತವು.

ಎದುರುಮನೆಯ ಹನುಮವ್ವ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಯಪ್ಪಾ, ಆರಾಮ ಅದೀ ಇಲ್ಲ? ನಮ್ಮ ಕಣ್ಣಿಗಿ ಕಾಣಲಾರದ್ದು ಇವಕ್ಕ ಕಾಣ್ತದ" ಎಂದು ಬಾಗಿಲು ಹಾಕಿಕೊಂಡಳು.

ನಾನು ಹಿಂದಿರುಗಿ ಕಿಟಕಿ, ಬಾಗಿಲು ಎಲ್ಲ ಮುಚ್ಚಿದೆ. ಮರಿಗಳನ್ನು ಒಳಕೋಣೆಯ ಕತ್ತಲಲ್ಲಿ ಕಟ್ಟಿ ಪಕ್ಕದಲ್ಲೇ ಕೂತೆ. ಎರಡು ದಿನ ಹೊರಗೆ ಕಾಲಿಡಲಿಲ್ಲ. ಮರಿಗಳು ಅರಚುವುದನ್ನೇ ನಿಲ್ಲಿಸಿದವು. ಮೂರನೆಯ ದಿನ ಒಂದು ಮರಿ ತಲೆ ಎತ್ತಲಿಲ್ಲ. ಅದರ ಎದೆಯ ಮೇಲೆ ಕೈಯಿಟ್ಟೆ. ಬಡಿತ ಬಹಳ ಮೆಲ್ಲಗಿತ್ತು. ಹೊರಗೆ ನಡುಮಧ್ಯಾಹ್ನದ ಮೌನದಲ್ಲಿ ಯಾರೋ ಬಾಗಿಲನ್ನು ಮೆಲ್ಲಗೆ ಕೆರೆಯುತ್ತಿದ್ದರು.

ಕಿಟಕಿಯ ಸಂದಿಯಿಂದ ಹನುಮವ್ವನನ್ನು ಕೂಗಿ, ದೇವದುರ್ಗಕ್ಕೆ ತಂತಿ ಕೊಡಿಸಿದೆ: ಕೂಡಲೇ ಹೊರಟು ಬಾ, ಜೀವ ಉಳಿಯುವುದು ಅನುಮಾನ. ಯಾರ ಜೀವ ಎಂದು ಬರೆಸಿರಲಿಲ್ಲ.

ಮರುದಿನದ ಮೊದಲ ಬಸ್ಸಿಗೆ ನೀಲಮ್ಮ ಬಂದಳು. ಬೆಕ್ಕುಗಳು ಅವಳಿಗೆ ದಾರಿ ಬಿಟ್ಟವು. ಹೊಸ್ತಿಲಲ್ಲೇ ಮೂಗಿಗೆ ಸೆರಗು ಹಿಡಿದಳು. ಬೆಕ್ಕುಗಳು ನೆಕ್ಕಿ ನೆಕ್ಕಿ ಹೊಳೆಯುವಂತೆ ಮಾಡಿದ್ದ ಚೌಕಟ್ಟನ್ನು ನೋಡಿದಳು, ನನ್ನ ಪಂಚೆ ನೋಡಿದಳು.

"ಕುಡಸ್ರಿ ಅಂದ್ರ ಬಳದೀರಿ. ಬಿಸಿಲಿಗಿ ಬಿಡ್ರಿ ಅಂದ್ರ ಕತ್ತಲಾಗ ಕಟ್ಟೀರಿ" ಎಂದಳು. ಸೋತ ಮರಿಯನ್ನು ಎದೆಗೆ ಒತ್ತಿಕೊಂಡಾಗ ಅವಳ ದನಿ ಒಡೆಯಿತು. ಜೋರಾಗಿ ಬೈದಿದ್ದರೇ ಚೆನ್ನಾಗಿತ್ತು.

ಅವಳು ಮರಿಗಳನ್ನು ಸೀಗೆಕಾಯಿ ಹಾಕಿ ತೊಳೆದು ಬಿಸಿಲಿಗೆ ಕಟ್ಟಿದಳು. ಸೀಸೆಯ ತಳದಲ್ಲಿ ಉಳಿದ ಎಣ್ಣೆಯನ್ನು ಅರ್ಧ ಚಮಚದಂತೆ ಹಾಲಿನಲ್ಲಿ ಕುಡಿಸಿದಳು. ಮಿಕ್ಕ ಸೀಗೆಕಾಯಿ ನನಗೆ. ಬೆಕ್ಕುಗಳು ಒಂದೊಂದಾಗಿ ಎದ್ದು ಹೋದವು. ತಿಂಗಳು ಕಳೆಯುವುದರೊಳಗೆ ಮರಿಗಳು ಅಂಗಳದ ತುಂಬ ನೆಗೆಯುತ್ತಿದ್ದವು.

ಮುಂದಿನ ಸಲ ತವರಿಗೆ ಹೊರಟಾಗ ನೀಲಮ್ಮ ಮರಿಗಳನ್ನೂ ಬಸ್ಸಿಗೆ ಹತ್ತಿಸಿಕೊಂಡಳು. ನನ್ನ ಮೇಲೆ ಒಂದು ಕಣ್ಣಿಡುವಂತೆ ಹನುಮವ್ವನಿಗೆ ಹೇಳಿ ಹೋದಳು.